ಮುಂಬೈಯಲ್ಲಿ ತಪಾಸಣೆ, ಊರಲ್ಲಿ ಹೆರಿಗೆ: ಫೈಲು ಹೇಗಿರಬೇಕು?

ಸೀಮಂತ ಮುಗಿಸಿ ತವರಿಗೆ ಹೊರಡುವ ರೂಢಿ ಮುಂಬೈ ಕನ್ನಡಿಗರಲ್ಲಿ ಇನ್ನೂ ಇದೆ. ಮತ್ಸ್ಯಗಂಧ ರೈಲು ಹತ್ತುವಾಗ ತಿಂಡಿ ಡಬ್ಬಿ ಮರೆಯುವವರಿಲ್ಲ, ಆಸ್ಪತ್ರೆ ಫೈಲು ಮರೆಯುವವರು ಬೇಕಾದಷ್ಟಿದ್ದಾರೆ. ನಾನೂ ಮರೆತವಳೇ. ಕುಂದಾಪುರದ ಕಡೆ ಡಾಕ್ಟರು ಬ್ಲಡ್ ಗ್ರೂಪ್ ರಿಪೋರ್ಟು ಕೇಳಿದಾಗ ಅದು ಡೊಂಬಿವಲಿಯ ಕಪಾಟಿನಲ್ಲಿತ್ತು. ಮನೆಯವರು ಕೆಲಸದಿಂದ ಬಂದು ಫೋಟೊ ಕಳಿಸುವಷ್ಟರಲ್ಲಿ ನನಗೆ ಮತ್ತೊಮ್ಮೆ ಸೂಜಿ ಚುಚ್ಚಿ ಆಗಿತ್ತು.

ಫೈಲು ಶುರುವಾಗಬೇಕಾದ್ದು ಮೊದಲ 12 ವಾರದೊಳಗೆ. ಹತ್ತಿರದ ಪಾಲಿಕೆ ಹೆರಿಗೆ ಆಸ್ಪತ್ರೆಯಲ್ಲಿ ಹೆಸರು ಬರೆಸಿದರೆ ತಾಯಿ-ಮಗುವಿನ ಕಾರ್ಡು ಸಿಗುತ್ತದೆ. ಊರಲ್ಲಿ ಇದನ್ನೇ ತಾಯಿ ಕಾರ್ಡು ಎನ್ನುತ್ತಾರೆ. ಖಾಸಗಿ ಡಾಕ್ಟರಲ್ಲಿಗೆ ಹೋಗುವವರೂ ಕಾರ್ಡು ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯೂ ಇದೆ.

ಮೊದಲ ಭೇಟಿಯಲ್ಲಿ ಹಿಮೋಗ್ಲೋಬಿನ್, ಬ್ಲಡ್ ಗ್ರೂಪ್, ಸಕ್ಕರೆ, ಎಚ್ಐವಿ, ಹೆಪಟೈಟಿಸ್ ಬಿ, ಮೂತ್ರ ಪರೀಕ್ಷೆಗಳಾಗುತ್ತವೆ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ಕಬ್ಬಿಣದ ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರೆ ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ಚಹಾದ ಜೊತೆಗಂತೂ ಬೇಡ. ನಿಂಬೆ ಪಾನಕದ ಜೊತೆ ತೆಗೆದುಕೊಳ್ಳಿ. ಮಲ ಕಪ್ಪಗಾದರೆ ಅದು ಮಾತ್ರೆಯ ಬಣ್ಣ, ಗಾಬರಿ ಬೇಡ. ಸ್ಕ್ಯಾನಿಂಗ್ 11ರಿಂದ 13 ವಾರದ ನಡುವೆ ಒಂದು, 18–20ಕ್ಕೆ ಇನ್ನೊಂದು. ಗಂಡೋ ಹೆಣ್ಣೋ ಎಂದು ಕೇಳುವಂತಿಲ್ಲ, ಹೇಳುವಂತೆಯೂ ಇಲ್ಲ. 1994ರ ಕಾಯ್ದೆ ಇದೆ. ಹೊಟ್ಟೆ ನೋಡಿ ಹೇಳುವ ಅಜ್ಜಿಯರ ಲೆಕ್ಕ ಅರ್ಧಕ್ಕರ್ಧ ಸರಿಹೋಗುತ್ತದೆ, ಅಷ್ಟು ಸಾಕು.

ಏಳನೇ ತಿಂಗಳಲ್ಲಿ, ಟಿಕೆಟ್ ತೆಗೆಸುವ ಮೊದಲು, ಎರಡು ಕೆಲಸ ಮುಗಿಸಿ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ಸಕ್ಕರೆ ನೋಡುತ್ತಾರೆ. 140 ಅಥವಾ ಮೇಲಿದ್ದರೆ ಗರ್ಭಿಣಿಯ ಸಕ್ಕರೆ ಕಾಯಿಲೆ. ಬ್ಲಡ್ ಗ್ರೂಪ್ ನೆಗೆಟಿವ್ ಆಗಿ ಗಂಡನದು ಪಾಸಿಟಿವ್ ಆಗಿದ್ದರೆ 28 ವಾರದ ಹೊತ್ತಿಗೆ ಆ್ಯಂಟಿ-ಡಿ (ಮಗುವಿನ ಪಾಸಿಟಿವ್ ರಕ್ತದ ವಿರುದ್ಧ ತಾಯಿಯ ಮೈ ತಿರುಗಿ ನಿಲ್ಲದಂತೆ ತಡೆಯುವ) ಚುಚ್ಚುಮದ್ದು ಬೇಕೇ ಎಂದು ಕೇಳಿ. ಮಾಸು ಕೆಳಗಿದೆ ಎಂದೋ ಬಿಪಿ ಏರಿದೆ ಎಂದೋ ರಿಪೋರ್ಟಿನಲ್ಲಿದ್ದರೆ ಪ್ರಯಾಣದ ನಿರ್ಧಾರ ಡಾಕ್ಟರದು, ಅತ್ತೆಯದಲ್ಲ, ತವರಿನವರದೂ ಅಲ್ಲ. ಒಂಬತ್ತಕ್ಕೆ ಬಿದ್ದ ಮೇಲೆ ರಾತ್ರಿ ರೈಲು ಬೇಡವೆಂಬುದು ನನ್ನ ಮಾತು. ಗರ್ಭಿಣಿಯರಿಗೆ ಲೋವರ್ ಬರ್ತ್ ಕೋಟಾ ಇದೆ, ಟಿಕೆಟ್ ತೆಗೆಸುವಾಗಲೇ ಕೇಳಿ. ಫೈಲು ಸೂಟ್‌ಕೇಸಿನಲ್ಲಿ ಬೇಡ, ಕೈಚೀಲದಲ್ಲಿರಲಿ. ರಕ್ತಸ್ರಾವ, ಕಣ್ಣು ಮಂಜಾಗುವ ತಲೆನೋವು, ಗರ್ಭದ ನೀರು ಹೋಗುವುದು, ಮಗುವಿನ ಅಲುಗಾಟ ಕಡಿಮೆಯಾಗುವುದು: ಇವು ಕಂಡರೆ ಬೆಳಗಾಗುವವರೆಗೆ ಕಾಯಬೇಡಿ. ರೈಲಿನಲ್ಲಿ 139, ಇಳಿದ ಮೇಲೆ ಎರಡೂ ರಾಜ್ಯಗಳಲ್ಲಿ 108.

ಮೊದಲ ಹೆರಿಗೆ ಸಿಜೇರಿಯನ್ ಆಗಿತ್ತೇ? ಹಾಗಿದ್ದರೆ ಹಳೆಯ ಡಿಸ್ಚಾರ್ಜ್ ಕಾರ್ಡು ಚಿನ್ನದಂತೆ. ಹೊಟ್ಟೆಯ ಮೇಲಿನ ಗಾಯದ ಗುರುತು ನೋಡಿ ಗರ್ಭಕೋಶವನ್ನು ಹೇಗೆ ಕೊಯ್ದರೆಂದು ತಿಳಿಯದು. ಈ ಸಲ ಸಹಜ ಹೆರಿಗೆಗೆ ಪ್ರಯತ್ನಿಸಬಹುದೋ ಇಲ್ಲವೋ ಎಂಬುದಕ್ಕೆ ಆ ಕಾರ್ಡಿನ ಒಂದು ಸಾಲು ಬೇಕು.

ದಿನ ಗೊತ್ತುಮಾಡಿದ ಸಿಜೇರಿಯನ್‌ಗೆ 6 ಗಂಟೆ ಮೊದಲು ಊಟ, 2 ಗಂಟೆ ಮೊದಲು ನೀರು ನಿಲ್ಲಿಸುವುದು ಸಾಮಾನ್ಯ. ಉಗುರಿನ ಬಣ್ಣ ಅಳಿಸಿ; ಬೆರಳಿಗೆ ಸಿಕ್ಕಿಸುವ ಕ್ಲಿಪ್ಪು ಆಮ್ಲಜನಕ ಅಳೆಯಬೇಕು. ಬೆನ್ನು ಬಗ್ಗಿಸಿ ಕೂರಿಸಿ ಸೂಜಿ ಕೊಟ್ಟರೆ ಸೊಂಟದ ಕೆಳಗೆ ಮರಗಟ್ಟುತ್ತದೆ, ಎಚ್ಚರವಿರುತ್ತದೆ. ನೋವಿಲ್ಲ, ಎಳೆದಾಟ ತಿಳಿಯುತ್ತದೆ. ಯಾರೋ ಹೊಟ್ಟೆಯೊಳಗೆ ಪಾತ್ರೆ ತೊಳೆಯುತ್ತಿದ್ದಂತೆ. ಮಗು ಬೇಗ ಹೊರಬರುತ್ತದೆ, ಸಮಯ ಹಿಡಿಯುವುದು ಪದರ ಪದರವಾಗಿ ಹೊಲಿಯುವುದಕ್ಕೆ.

ಮರುದಿನ ಎಬ್ಬಿಸಿ ನಡೆಸುತ್ತಾರೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು, ಕರುಣೆಯಿಲ್ಲದೆ ಅಲ್ಲ. ಬಾಣಂತಿಗೆ ನೀರು ಕೊಡಬಾರದೆಂಬ ಹಳೆಯ ಪಥ್ಯ ಇಲ್ಲಿ ಕೆಲಸಕ್ಕೆ ಬಾರದು. ಮಲಬದ್ಧತೆಯಾಗಿ ಮುಕ್ಕಿದರೆ ಹೊಲಿಗೆಗೇ ನೋವು. ಆರು ವಾರ ಮಗುವಿಗಿಂತ ಭಾರದ್ದನ್ನು ಎತ್ತಬೇಡಿ. ಜ್ವರ, ಕೀವು, ಗಾಯ ಕೆಂಪಾಗುವುದು ಕಂಡರೆ ಅರಿಸಿನ ಹಚ್ಚದೆ ಆಸ್ಪತ್ರೆಗೆ ಹೋಗಿ.

ಮಗುವಿನ ಜನನ ನೋಂದಣಿ ಹುಟ್ಟಿದ ಊರಲ್ಲೇ, 21 ದಿನದೊಳಗೆ. ಆ ಪ್ರಮಾಣಪತ್ರ, ಹುಟ್ಟಿದೊಡನೆ ಹಾಕಿದ ಲಸಿಕೆಗಳ ಕಾರ್ಡು, ನಿಮ್ಮ ಡಿಸ್ಚಾರ್ಜ್ ಕಾರ್ಡು ಮೂರನ್ನೂ ಅದೇ ಫೈಲಿಗೆ ಸೇರಿಸಿ. ಮುಂಬೈಗೆ ಮರಳಿದ ಮೇಲೆ ಆರನೇ ವಾರದ ಲಸಿಕೆಗೆ ಅದನ್ನೇ ಕೇಳುತ್ತಾರೆ.