ಫಿಸಿಕ್ಸಾ, ಸಿಎಸ್ಸಾ? ಮೊದಲು ಒಂದು ಬೀಗಕ್ಕೆ ದಾರ ಕಟ್ಟಿ

ಪಿಯುಸಿ ರಿಸಲ್ಟ್ ಬಂತು ಅಂದರೆ ಮನೆಗೆ ಬಂದವರೆಲ್ಲ ಕೇಳುವುದು ಒಂದೇ, "ಮುಂದೇನು?" ಸಿಎಸ್ (ಕಂಪ್ಯೂಟರ್ ಸೈನ್ಸ್) ಅಂದರೆ ಖುಷಿಯಾಗಿ ತಲೆಯಾಡಿಸುತ್ತಾರೆ. ಫಿಸಿಕ್ಸ್ ಅಂದರೆ "ಓ, ಲೆಕ್ಚರರ್ ಆಗ್ತೀಯಾ?" ಅಂತಾರೆ. ನಾನು ಓದಿದ್ದು ಫಿಸಿಕ್ಸ್, ಹೊಟ್ಟೆಪಾಡಿಗೆ ಬರೆಯುವುದು ಕೋಡು. ಎರಡೂ ಕಡೆ ಪೆಟ್ಟು ತಿಂದಿದ್ದೇನೆ, ಹಾಗಾಗಿ ಹೇಳುತ್ತಿದ್ದೇನೆ.

ಪಿಯು ಮಾರ್ಕ್ಸ್ ನೋಡಿ ತೀರ್ಮಾನ ಮಾಡಬೇಡಿ. ಡಿರೈವೇಷನ್ ಬಾಯಿಪಾಠ ಮಾಡಿದರೂ ಫಿಸಿಕ್ಸಲ್ಲಿ ತೊಂಬತ್ತು ದಾಟಬಹುದು. ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ಇರುವ ಪಿಸಿಎಂಸಿ ತಗೊಂಡಿಲ್ಲ, ಸಿಎಸ್ ಇಂಜಿನಿಯರಿಂಗ್ ಕಷ್ಟ ಆಗುತ್ತಾ ಅನ್ನುವ ಭಯವೂ ಬೇಡ, ಅಲ್ಲಿ ಪ್ರೋಗ್ರಾಮಿಂಗನ್ನು ಮೊದಲಿಂದಲೇ ಕಲಿಸುತ್ತಾರೆ.

ಅದರ ಬದಲು ಒಂದು ವಾರ ಇದನ್ನು ಮಾಡಿ. ಮನೆಯಲ್ಲಿರುವ ಸಣ್ಣ ಬೀಗಕ್ಕೆ ದಾರ ಕಟ್ಟಿ ಬಾಗಿಲ ಚೌಕಟ್ಟಿನಿಂದ ನೇತುಹಾಕಿ, ಮೊಳೆಯಿಂದ ಬೀಗದ ನಡುವಿನವರೆಗೆ ಸರಿಯಾಗಿ 1 ಮೀಟರ್ ಇರಲಿ. ಸ್ವಲ್ಪವೇ ಎಳೆದು ಬಿಟ್ಟು 20 ತೂಗಾಟಕ್ಕೆ (ಹೋಗಿ ಬಂದರೆ ಒಂದು) ಎಷ್ಟು ಹೊತ್ತು ಅಂತ ಮೊಬೈಲಲ್ಲಿ ನೋಡಿ. ಸುಮಾರು 40 ಸೆಕೆಂಡ್ ಬರುತ್ತದೆ. ಈಗ 60 ಡಿಗ್ರಿ ಎಳೆದು ಬಿಡಿ. ಟೈಮ್ ಜಾಸ್ತಿ ಆಗುತ್ತದೆ! ಎಷ್ಟು ಎಳೆದರೂ ಟೈಮ್ ಒಂದೇ ಅಂತ ಸ್ಕೂಲಲ್ಲಿ ಹೇಳಿದ್ದರಲ್ವಾ?

ಆಮೇಲೆ ಇದೇ ಲೋಲಕವನ್ನು ಪೈಥಾನ್‌ನಲ್ಲಿ ಬರೆಯಿರಿ. ಕೋನ ಒಂದು, ವೇಗ ಒಂದು, ಅಷ್ಟೇ. 10 ಡಿಗ್ರಿಯಿಂದ ಶುರು ಮಾಡಿ, ಲೆಕ್ಕ ಮಾತ್ರ ರೇಡಿಯನ್‌ನಲ್ಲಿರಲಿ. ಪ್ರತಿ 0.01 ಸೆಕೆಂಡಿಗೆ ಹಳೇ ಕೋನ, ಹಳೇ ವೇಗ ಇಟ್ಟುಕೊಂಡು ಹೊಸದನ್ನು ಲೆಕ್ಕ ಹಾಕಿ. ಕೋಡಿನ ಲೆಕ್ಕದಲ್ಲಿ ಸುಮಾರು 20 ಸೆಕೆಂಡ್ ಆಗುವಷ್ಟು ಓಡಿಸಿದರೆ ನಿಮ್ಮ ಲೋಲಕ ಯಾರೂ ತಳ್ಳದೆ ತಾನಾಗಿಯೇ ಎರಡೂವರೆ ಪಟ್ಟು ದೊಡ್ಡ ಕೋನಕ್ಕೆ ತೂಗುತ್ತಿರುತ್ತದೆ. ನಿಜವಾದ ಬೀಗ ನಿಧಾನಕ್ಕೆ ನಿಲ್ಲುತ್ತಾ ಬರುತ್ತದೆ, ಇದು ಏರುತ್ತಾ ಹೋಗುತ್ತದೆ. ಇಲ್ಲಿ ನಿಮ್ಮನ್ನು ನೀವೇ ಗಮನಿಸಿ. "ಈ ಎನರ್ಜಿ ಎಲ್ಲಿಂದ ಬಂತು?" ಅಂತ ನಿದ್ದೆ ಕೆಟ್ಟರೆ ನಿಮ್ಮದು ಫಿಸಿಕ್ಸ್ ಥರ. "ಯಾವ ಸಾಲಲ್ಲಿ ತಪ್ಪಿದೆ, ಇದನ್ನು ಹೇಗೆ ಸರಿ ಮಾಡಲಿ?" ಅಂತ ಕೈ ತುರಿಸಿದರೆ ಸಿಎಸ್ ಥರ. (ಕೋನ ಲೆಕ್ಕ ಹಾಕುವಾಗ ಹಳೇ ವೇಗದ ಬದಲು ಆಗಷ್ಟೇ ಸಿಕ್ಕ ಹೊಸ ವೇಗ ಹಾಕಿ ನೋಡಿ. ಏರುವುದು ನಿಂತುಹೋಗುತ್ತದೆ. ಯಾಕೆ ಅಂತ ನಾನು ಹೇಳಲ್ಲ.) ಎರಡೂ ಬೋರ್ ಹೊಡೆಸಿದರೆ ಅದೂ ಒಳ್ಳೆಯ ಸುದ್ದಿಯೇ, ನಾಲ್ಕು ವರ್ಷ ಉಳಿಯಿತು.

ದಿನನಿತ್ಯದ ಕೆಲಸ ಹೇಗಿರುತ್ತದೆ ಅಂತಲೂ ತಿಳಿದುಕೊಳ್ಳಿ, ದೂರದ ಬೆಟ್ಟ ನುಣ್ಣಗೆ. ಬ್ಲ್ಯಾಕ್ ಹೋಲ್ ವಿಡಿಯೋ ನೋಡಿ ಬಿಎಸ್ಸಿಗೆ ಸೇರಿದ ನಾನು ಲ್ಯಾಬಲ್ಲಿ ಸೋಡಿಯಂ ದೀಪದ ಹಳದಿ ಬೆಳಕಲ್ಲಿ ಒಂದು ಕಣ್ಣು ಮುಚ್ಚಿಕೊಂಡು ನ್ಯೂಟನ್ಸ್ ರಿಂಗ್ಸ್ (ಲೆನ್ಸ್ ಕೆಳಗೆ ಕಾಣುವ ಬೆಳಕು-ಕತ್ತಲೆಯ ಉಂಗುರಗಳು) ಎಣಿಸುತ್ತಿದ್ದೆ, 14ನೇ ಉಂಗುರದ ಹತ್ತಿರ ಪಕ್ಕದವನು ಟೇಬಲ್ ಅಲ್ಲಾಡಿಸಿದರೆ ಮತ್ತೆ ಒಂದರಿಂದ. ಆಮೇಲೆ ರೆಕಾರ್ಡ್ ಬರೆಯುವುದು. ಸಿಎಸ್ ಅಂದರೆ ಆ್ಯಪ್ ಮಾಡುವುದು ಅಂದುಕೊಂಡವರಿಗೂ ಇಂಥದ್ದೇ ಗತಿ: ಮೊದಲ ವರ್ಷ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ (ಒಂದೊಂದು ಸೆಮಿಸ್ಟರ್ ಒಂದೊಂದು), ಆಮೇಲೆ ಡಿಸ್ಕ್ರೀಟ್ ಮ್ಯಾಥ್ಸ್, ಆಪರೇಟಿಂಗ್ ಸಿಸ್ಟಮ್ಸ್, ಆಟೊಮೇಟಾ.

ದುಡ್ಡಿನ ವಿಷಯ ಮುಚ್ಚಿಡುವುದು ಬೇಡ. ಸಿಎಸ್‌ನವರು ನಾಲ್ಕು ವರ್ಷಕ್ಕೆ ಕೆಲಸ ಹುಡುಕಬಹುದು. ಫಿಸಿಕ್ಸಲ್ಲೇ ಉಳಿಯಬೇಕು ಅಂದರೆ ಬಿಎಸ್ಸಿ ಮೂರು, ಎಂಎಸ್ಸಿ ಎರಡು, ಪಿಎಚ್‌ಡಿ ಐದಾರು ವರ್ಷ. 2023ರಿಂದ ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ಸಿಗುವ ಫೆಲೋಶಿಪ್) ತಿಂಗಳಿಗೆ 37,000 ರೂಪಾಯಿ, ಅದು ಸಿಗುವುದೂ ನೆಟ್ ಥರದ ಪರೀಕ್ಷೆ ದಾಟಿದ ಮೇಲೆ. ಮನೆಯಲ್ಲಿ ಸಾಲ ಇದ್ದರೆ, ತಂಗಿ ಓದು ಬಾಕಿ ಇದ್ದರೆ, ಇದನ್ನು ಲೆಕ್ಕಕ್ಕೆ ತಗೊಳ್ಳುವುದು ಕನಸಿಗೆ ಮಾಡುವ ಮೋಸ ಅಲ್ಲ.

ಇಷ್ಟಾದರೂ ಮನಸ್ಸು ಎರಡೂ ಕಡೆ ಎಳೆಯುತ್ತಿದೆಯಾ? ನಮ್ಮಲ್ಲಿ ಪಿಎಂಸಿಎಸ್ ಅಂತ ಒಂದು ಕಾಂಬಿನೇಷನ್ ಇದೆ: ಫಿಸಿಕ್ಸ್, ಮ್ಯಾಥ್ಸ್, ಕಂಪ್ಯೂಟರ್ ಸೈನ್ಸ್ ಮೂರೂ. ಮುಗಿಸಿ ಎಂಎಸ್ಸಿ ಫಿಸಿಕ್ಸಿಗೂ ಹೋಗಬಹುದು, ಪಿಜಿಸಿಇಟಿ ಬರೆದು ಎರಡು ವರ್ಷದ ಎಂಸಿಎಗೂ ಹೋಗಬಹುದು. ಫಿಸಿಕ್ಸಿಂದ ಕೋಡಿನ ಕಡೆ ಬರುವ ದಾರಿ ಸಲೀಸು, ತಿರುಗಿ ಹೋಗುವುದು ಕಷ್ಟ. ಆದರೆ ಒಂದು ಕಂಪನಿ "ಬಿಇ ಆದವರು ಮಾತ್ರ" ಅಂತ ನನ್ನನ್ನು ಟೆಸ್ಟ್ ಬರೆಯುವುದಕ್ಕೂ ಬಿಡಲಿಲ್ಲ, ಅದನ್ನೂ ತಲೆಯಲ್ಲಿಟ್ಟುಕೊಳ್ಳಿ.

ಫಿಸಿಕ್ಸ್ ಅಂತ ಗಟ್ಟಿ ಆದರೆ ಬರೀ ಸಿಇಟಿ ನೆಚ್ಚಿಕೊಳ್ಳಬೇಡಿ. ಕೇಂದ್ರ ಸರ್ಕಾರದ ವಿಜ್ಞಾನ ಸಂಸ್ಥೆಗಳಾದ ಐಸರ್‌ಗಳ ಐದು ವರ್ಷದ ಬಿಎಸ್-ಎಂಎಸ್‌ಗೆ ಐಎಟಿ, ಭುವನೇಶ್ವರದ ನೈಸರ್‌ಗೆ ನೆಸ್ಟ್ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಬೆಂಗಳೂರಿನ ಐಐಎಸ್‌ಸಿಯಲ್ಲಿ 2011ರಿಂದ ನಾಲ್ಕು ವರ್ಷದ ಪದವಿ ಕೋರ್ಸ್ ಇದೆ, ಅಲ್ಲೂ ಸಿಇಟಿ ರ‍್ಯಾಂಕ್ ನಡೆಯುವುದಿಲ್ಲ. ಅಲ್ಲಿ ಓಪನ್ ಡೇ (ಜನರಿಗೆ ಲ್ಯಾಬ್ ತೆರೆದಿಡುವ ದಿನ) ಇದ್ದಾಗ ಸುಮ್ನೆ ಒಮ್ಮೆ ಹೋಗಿ ಬನ್ನಿ, ಲ್ಯಾಬಿನವರ ಹತ್ತಿರ ಮಾತಾಡಬಹುದು.

ಸಿಎಸ್ ಅಂತ ಆದರೆ ಕೆಇಎ (ಸಿಇಟಿ ನಡೆಸುವ ಪ್ರಾಧಿಕಾರ) ಆಪ್ಷನ್ ಎಂಟ್ರಿಯಲ್ಲಿ ಕಾಲೇಜು, ಕೋರ್ಸುಗಳನ್ನು ನಿಮಗೆ ನಿಜಕ್ಕೂ ಬೇಕಾದ ಕ್ರಮದಲ್ಲೇ ಹಾಕಿ, ಸಿಗುತ್ತದೋ ಇಲ್ಲವೋ ಅಂತ ಊಹಿಸಿ ಕೆಳಗೆ ತಳ್ಳಬೇಡಿ. ಮಾಕ್ ಅಲಾಟ್‌ಮೆಂಟ್ (ಅಣಕು ಸೀಟು ಹಂಚಿಕೆ) ಬಂದ ಮೇಲೆ ತಿದ್ದುವುದಕ್ಕೆ ಅವಕಾಶ ಕೊಡುತ್ತಾರೆ. ಇನ್ನೊಂದು, ಡಿಗ್ರಿ ಕಾಲೇಜಿನ ಸೀಟು ಸಿಇಟಿ ಕೌನ್ಸೆಲಿಂಗ್ ಮುಗಿಯಲಿ ಅಂತ ಕಾಯುವುದಿಲ್ಲ. ಅಲ್ಲಿ ಮುಂಚೆಯೇ ಸೇರಿಕೊಳ್ಳುವುದಾದರೆ, ಬಿಟ್ಟು ಹೋದರೆ ಫೀಸ್ ಎಷ್ಟು ವಾಪಸ್, ಟಿಸಿ ಎಷ್ಟು ದಿನದಲ್ಲಿ ಅಂತ ಆಫೀಸಲ್ಲಿ ಕೇಳಿ ಬರೆದಿಟ್ಟುಕೊಳ್ಳಿ, ಒರಿಜಿನಲ್ ಕೊಡುವ ಮುಂಚೆ ನಾಲ್ಕು ಸೆಟ್ ಜೆರಾಕ್ಸ್ ಮಾಡಿಸಿ.