ಯಾವ ಬೆರಳು? ಮುಂದಿನ ಕಾರ್ಡ್ ನೋಡಿ ಹೇಳಿ

ಹೋದ ಮಳೆಗಾಲದಲ್ಲಿ ಕಾಲೇಜು ಹುಡುಗನೊಬ್ಬ ಗಿಟಾರ್ ಹೆಗಲಿಗೆ ಹಾಕಿಕೊಂಡು ನಮ್ಮ ಮಹಡಿ ಹತ್ತಿ ಬಂದ. ನಾಲ್ಕು ತಿಂಗಳಿಂದ ಮೊಬೈಲ್ ನೋಡಿ ಕಲಿತಿದ್ದನಂತೆ. ಜಿ ಕಾರ್ಡ್ (chord, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿ ಅಂದೆ, ಹಿಡಿದ. ಆರೂ ತಂತಿ ಚೆನ್ನಾಗಿ ನುಡಿದವು. ಸಿ ಹಿಡಿ ಅಂದೆ, ಅದೂ ಸರಿಯಾಗಿತ್ತು. ಆದರೆ ಜಿ ಬಿಟ್ಟು ಸಿ ಹಿಡಿಯುವಷ್ಟರಲ್ಲಿ ಕೆಳಗಿನ ಹೋಟೆಲಿಗೆ ಹೋಗಿ ಒಂದು ಕಾಫಿ ಕುಡಿದು ಬರಬಹುದಿತ್ತು. "ಸರ್, ನನ್ನ ಬೆರಳು ಸ್ಲೋ" ಅಂದ. ಅವನ ಬೆರಳು ಏನೂ ಸ್ಲೋ ಇರಲಿಲ್ಲ. ಜಿಗೆ ಅವನು ಇಟ್ಟುಕೊಂಡಿದ್ದ ಮೂರು ಬೆರಳುಗಳೂ ಸಿಗೆ ಹೋಗುವಾಗ ಒಂದರ ದಾರಿಗೆ ಒಂದು ಅಡ್ಡ ಬರುತ್ತಿದ್ದವು, ಅಷ್ಟೇ.

ಚಿಕ್ಕಮಗಳೂರಿನಲ್ಲಿ ಸಂಜೆ ಹೊತ್ತು ಗಿಟಾರ್ ಹೇಳಿಕೊಡುತ್ತಾ ನಾನು ಅತಿ ಹೆಚ್ಚು ನೋಡಿರುವ ತಪ್ಪು ಇದೇ. ಪುಸ್ತಕದಲ್ಲೋ ಆ್ಯಪ್‌ನಲ್ಲೋ ಪ್ರತಿ ಕಾರ್ಡ್‌ಗೂ ಒಂದು ಚೌಕದ ಚಿತ್ರ ಇರುತ್ತದೆ, ಚುಕ್ಕಿಗಳ ಮೇಲೆ ಬೆರಳಿನ ನಂಬರ್ ಇರುತ್ತದೆ. ನೀವು ಯಾವ ಕಾರ್ಡ್‌ನಿಂದ ಬಂದಿರಿ, ಯಾವುದಕ್ಕೆ ಹೊರಟಿದ್ದೀರಿ ಅನ್ನುವುದು ಆ ಚಿತ್ರಕ್ಕೆ ಗೊತ್ತಿರುವುದಿಲ್ಲ. ತೋಟದ ದಾರಿ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಜೀಪು ತೋಟದ ಮನೆ ಅಂಗಳಕ್ಕೆ ಬಂದ ಕೂಡಲೇ ಡ್ರೈವರ್ ಮೊದಲು ಗಾಡಿ ತಿರುಗಿಸಿ, ಮೂತಿ ಗೇಟಿನ ಕಡೆ ಮಾಡಿ ನಿಲ್ಲಿಸುತ್ತಾನೆ. ಮೂಟೆ ಇಳಿಸುವುದು ಆಮೇಲೆ. ಬೆರಳು ಇಡುವುದೂ ಹಾಗೇ.

ಹೆಜ್ಜೆ 1: ನಂಬರ್ ಗೊತ್ತಿರಲಿ

ತೋರುಬೆರಳು 1, ನಡುಬೆರಳು 2, ಉಂಗುರ ಬೆರಳು 3, ಕಿರುಬೆರಳು 4. ಕೀಬೋರ್ಡ್ ಕಲಿತವರು ಸ್ವಲ್ಪ ಹುಷಾರು, ಅಲ್ಲಿ ಹೆಬ್ಬೆರಳೇ 1. ತಂತಿಗಳಲ್ಲಿ ಅತಿ ದಪ್ಪದ್ದು 6, ಅತಿ ಸಣ್ಣದು 1. "ಮೇಲಿನ ತಂತಿ, ಕೆಳಗಿನ ತಂತಿ" ಅನ್ನುವ ಅಭ್ಯಾಸ ಬಿಟ್ಟುಬಿಡಿ. ತೊಡೆಯ ಮೇಲೆ ಇಟ್ಟಾಗ ಮೇಲೆ ಕಾಣುವ ತಂತಿಯ ದನಿಯೇ ಎಲ್ಲಕ್ಕಿಂತ ಕೆಳಗಿರುತ್ತದೆ, ಗೊಂದಲ ಗ್ಯಾರಂಟಿ. ತಂತಿ, ಫ್ರೆಟ್ (ಗಿಟಾರ್ ಕತ್ತಿನ ಮೇಲೆ ಲೋಹದ ಕಂಬಿಗಳ ನಡುವಿನ ಮನೆ, ತಲೆಯ ಕಡೆಯಿಂದ 1, 2, 3) ಎರಡಕ್ಕೂ ನಂಬರ್ ಇರುವುದರಿಂದ ಈ ಲೇಖನದಲ್ಲಿ ಬೆರಳನ್ನು ಹೆಸರು ಹಿಡಿದೇ ಕರೆಯುತ್ತೇನೆ.

ಹೆಜ್ಜೆ 2: ಕೈ ಸರಿ ಮಾಡಿಕೊಳ್ಳಿ

ಎಡಗೈ ಉಗುರು ಕತ್ತರಿಸಿ. ಬೆರಳ ತುದಿಯಿಂದ ಒತ್ತಿ. ಫ್ರೆಟ್ ಕಂಬಿಗೆ ಅಂಟಿದಂತೆ, ಅದರ ಹಿಂದೆಯೇ ಒತ್ತಿ. ಎರಡು ಕಂಬಿಗಳ ನಡುವೆ ಒತ್ತಿದರೆ ಜಾಸ್ತಿ ಬಲ ಬೇಕು, ಸ್ವಲ್ಪ ಸಡಿಲವಾದರೂ ತಂತಿ ಜುಯ್ ಅನ್ನುತ್ತದೆ.

ಹೆಜ್ಜೆ 3: ಬೇರೇನೂ ತೋಚದಾಗ

ಕಡಿಮೆ ನಂಬರಿನ ಫ್ರೆಟ್‌ಗೆ ತೋರುಬೆರಳು, ಅದರ ಮುಂದಿನದಕ್ಕೆ ನಡುಬೆರಳು, ಅದರಾಚೆಗೆ ಉಂಗುರ ಬೆರಳು. ಒಂದೇ ಫ್ರೆಟ್‌ನಲ್ಲಿ ಎರಡು ಬೆರಳು ಬೇಕಾದರೆ ದಪ್ಪ ತಂತಿಯ ಕಡೆಗೆ ಕಡಿಮೆ ನಂಬರಿನ ಬೆರಳು. ಸಿ, ಇ, ಎ ಮೈನರ್ ಎಲ್ಲವೂ ಈ ಲೆಕ್ಕದಲ್ಲೇ ಬರುತ್ತವೆ. ವೀಣೆ ಕಲಿತು ಬಂದವರಿಗೆ ಇಲ್ಲೊಂದು ತೊಡಕಿದೆ. ವೀಣೆಯಲ್ಲಿ ಎಡಗೈಯ ತೋರುಬೆರಳು, ನಡುಬೆರಳಿನದೇ ಕಾರುಬಾರು. ನಿದ್ದೆ ಹೋಗಿರುವ ಉಂಗುರ ಬೆರಳನ್ನು ಎಬ್ಬಿಸುವುದಕ್ಕೇ ಒಂದೆರಡು ವಾರ ಬೇಕು. ಎಬ್ಬಿಸಲೇಬೇಕು, ಅದಕ್ಕೆ ಬದಲಿ ದಾರಿ ಇಲ್ಲ.

ಹೆಜ್ಜೆ 4: ಮುಂದಿನ ಕಾರ್ಡ್ ನೋಡಿ ಬೆರಳು ಆರಿಸಿ

ಎಲ್ಲರೂ ಎಡವುವುದು ಇಲ್ಲೇ. ಗಿಟಾರ್ ಕೈಗೆತ್ತಿಕೊಂಡು ಓದಿ.

ಜಿ ಕಾರ್ಡ್‌ನಲ್ಲಿ ಒತ್ತಬೇಕಾದ ಜಾಗ ಮೂರು: 6ನೇ ತಂತಿಯ 3ನೇ ಫ್ರೆಟ್, 5ನೇ ತಂತಿಯ 2ನೇ ಫ್ರೆಟ್, 1ನೇ ತಂತಿಯ 3ನೇ ಫ್ರೆಟ್. ಬಹಳಷ್ಟು ಚಿತ್ರಗಳಲ್ಲಿ ಇವಕ್ಕೆ ಕ್ರಮವಾಗಿ ನಡುಬೆರಳು, ತೋರುಬೆರಳು, ಉಂಗುರ ಬೆರಳು ಅಂತ ಇರುತ್ತದೆ. ಆ ಹುಡುಗ ಹಿಡಿದಿದ್ದೂ ಇದನ್ನೇ. ಈಗ ಸಿಗೆ ಹೋಗಿ. ಅಲ್ಲಿ ಉಂಗುರ ಬೆರಳು 5ನೇ ತಂತಿಯ 3ನೇ ಫ್ರೆಟ್, ನಡುಬೆರಳು 4ನೇ ತಂತಿಯ 2ನೇ ಫ್ರೆಟ್, ತೋರುಬೆರಳು 2ನೇ ತಂತಿಯ 1ನೇ ಫ್ರೆಟ್. ಉಂಗುರ ಬೆರಳು ಸಣ್ಣ ತಂತಿಯಿಂದ ನಾಲ್ಕು ತಂತಿ ದಾಟಿ ಈಚೆ ಬರಬೇಕು. ಅದೇ ಹೊತ್ತಿಗೆ ಉಳಿದೆರಡು ಅತ್ತ ಹೋಗಬೇಕು. ಸಂತೆ ದಿನ ಮಾರ್ಕೆಟ್ ರಸ್ತೆಯಲ್ಲಿ ಎದುರುಬದುರು ಸಿಕ್ಕಿಕೊಂಡ ಆಟೋಗಳ ಕಥೆ.

ಅದೇ ಜಿಯನ್ನು ಹೀಗೆ ಹಿಡಿಯಿರಿ: 6ನೇ ತಂತಿಗೆ ಉಂಗುರ ಬೆರಳು, 5ಕ್ಕೆ ನಡುಬೆರಳು, 1ನೇ ತಂತಿಗೆ ಕಿರುಬೆರಳು. ಈಗ ಸಿಗೆ ಹೋಗುವಾಗ ಉಂಗುರ ಬೆರಳು, ನಡುಬೆರಳು ಜೋಡಿಯಾಗಿಯೇ ಒಂದೊಂದು ತಂತಿ ಪಕ್ಕಕ್ಕೆ ಸರಿಯುತ್ತವೆ. ಫ್ರೆಟ್ ಕೂಡ ಬದಲಾಗುವುದಿಲ್ಲ. ಕಿರುಬೆರಳು ಏಳುತ್ತದೆ, ಖಾಲಿ ಇದ್ದ ತೋರುಬೆರಳು ಕೂರುತ್ತದೆ. ಕೆಲಸ ಮುಗಿಯಿತು. ಮೊದಲ ವಾರ ಕಿರುಬೆರಳು ನಡುಗುತ್ತದೆ, ನಡುಗಲಿ. ಈ ನೋವಿಗೆ ಹೆದರಿ ಹಳೇ ಹಿಡಿತಕ್ಕೆ ವಾಪಸ್ ಹೋದವರು ಒಂದು ವರ್ಷ ಕಳೆದರೂ ಜಿ-ಸಿ ನಡುವೆಯೇ ನಿಂತಿರುತ್ತಾರೆ.

ಹಾಗಂತ ಹಳೇ ಹಿಡಿತ ಪೂರ್ತಿ ತಪ್ಪು ಅಂತಲ್ಲ. ಜಿಯಿಂದ ಡಿಗೆ ಹೋಗುವುದಿದ್ದರೆ ಅದರಲ್ಲಿ ಉಂಗುರ ಬೆರಳು ಪಕ್ಕದ ತಂತಿಗೆ ಸರಿದರೆ ಸಾಕು. ಯಾವ ಬೆರಳು ಅನ್ನುವುದು ಮುಂದೆ ಏನಿದೆ ಅನ್ನುವುದರ ಮೇಲೆ ನಿಂತಿದೆ.

ಈಗ ಇನ್ನೂ ಸೂಕ್ಷ್ಮದ್ದು. ಜಿ, ಇ ಮೈನರ್, ಸಿ, ಡಿ, ಈ ಸಾಲಿನಲ್ಲಿ ಕೂರುವ ಹಾಡುಗಳು ಲೆಕ್ಕವಿಲ್ಲದಷ್ಟು. ಇ ಮೈನರ್‌ನಲ್ಲಿ ಒತ್ತುವುದು ಎರಡೇ ಜಾಗ, 5 ಮತ್ತು 4ನೇ ತಂತಿಗಳ 2ನೇ ಫ್ರೆಟ್. ಸುಲಭ ಅಂತ ಯಾರೂ ಇದರ ಬಗ್ಗೆ ಯೋಚಿಸುವುದೇ ಇಲ್ಲ. ನಡುಬೆರಳು, ಉಂಗುರ ಬೆರಳಿನಿಂದ ಹಿಡಿದರೆ ಜಿಯಿಂದ ಬರುವುದು ಸುಖ, ನಡುಬೆರಳು ಇದ್ದಲ್ಲೇ ಇರುತ್ತದೆ. ಆದರೆ ಮುಂದೆ ಸಿ ಇದೆಯಲ್ಲ? ಅಲ್ಲಿ ಉಂಗುರ ಬೆರಳು 5ನೇ ತಂತಿಗೂ ನಡುಬೆರಳು 4ನೇ ತಂತಿಗೂ ಬೇಕು. ಎರಡೂ ಜಾಗ ಅದಲುಬದಲು ಆಗಬೇಕು! ಗಂಟು ಬೀಳುವುದು ಇಲ್ಲಿ. ಬೈಸಿಕೊಳ್ಳುವುದು ಮಾತ್ರ ಸಿ.

ಇ ಮೈನರ್ ಅನ್ನು ತೋರುಬೆರಳು, ನಡುಬೆರಳಿನಿಂದ ಹಿಡಿದು ನೋಡಿ. ಜಿಯಿಂದ ಬರುವಾಗ ನಡುಬೆರಳು ಒಂದು ತಂತಿ ಸರಿಯಬೇಕು, ಅಷ್ಟೇ ಖರ್ಚು. ಸಿಗೆ ಹೊರಟಾಗ ಅದೇ ನಡುಬೆರಳು 4ನೇ ತಂತಿಯಲ್ಲಿ ಗೂಟದ ಹಾಗೆ ನಿಂತಿರುತ್ತದೆ. ಉಳಿದೆರಡು ಬೆರಳು ಅದರ ಆಚೀಚೆ ಕೂರುತ್ತವೆ. ಒಂದು ಕಾರ್ಡ್ ಮುಂದೆ ನೋಡಿದರೆ ಸಾಲದು, ಎರಡು ನೋಡಬೇಕು ಅನ್ನುವುದು ಇದಕ್ಕೇ. ಅದೇ ಇ ಮೈನರ್‌ನಿಂದ ಎ ಮೈನರ್‌ಗೆ ಹೋಗುವುದಿದ್ದರೆ ಮಾತ್ರ ನಡುಬೆರಳು, ಉಂಗುರ ಬೆರಳಿನ ಹಿಡಿತವೇ ವಾಸಿ, ಜೋಡಿ ಒಂದು ತಂತಿ ಸರಿದರೆ ಆಯಿತು.

ಎ ಮೈನರ್‌ನಿಂದ ಸಿಗೆ? ಎರಡು ಬೆರಳು ಏಳುವುದೇ ಬೇಡ. ಉಂಗುರ ಬೆರಳೊಂದೇ 3ನೇ ತಂತಿಯಿಂದ 5ನೇ ತಂತಿಗೆ ಹೋಗುತ್ತದೆ. ನೂರಕ್ಕೆ ತೊಂಬತ್ತು ಜನ ಇಲ್ಲೂ ಮೂರು ಬೆರಳು ಎತ್ತಿ, ಗಾಳಿಯಲ್ಲಿ ಆಡಿಸಿ, ಮತ್ತೆ ಅಲ್ಲೇ ಇಡುತ್ತಾರೆ. ಸುಮ್ನೆ.

ಸಿಯಿಂದ ಡಿಗೆ ಇಂಥ ಯಾವ ಉಪಾಯವೂ ಇಲ್ಲ. ಉಜ್ಜಿ ಉಜ್ಜಿ ಕಲಿಯಬೇಕು. ಉಂಗುರ ಬೆರಳು, ಕಿರುಬೆರಳನ್ನು 2 ಮತ್ತು 1ನೇ ತಂತಿಯ 3ನೇ ಫ್ರೆಟ್‌ಗೆ ಮೊಳೆ ಹೊಡೆದ ಹಾಗೆ ಇಟ್ಟು, ಉಳಿದೆರಡು ಬೆರಳಷ್ಟೇ ಆಡಿಸುವ ಅಡ್ಡದಾರಿಯೊಂದನ್ನು ಇಂಟರ್‌ನೆಟ್ಟಿನಲ್ಲಿ ಹೇಳಿಕೊಡುತ್ತಾರೆ. ಕೇಳಲು ಚೆನ್ನಾಗೇ ಇರುತ್ತದೆ. ಆದರೆ ಎಲ್ಲ ಹಾಡೂ ಒಂದೇ ಥರ ಕೇಳಿಸುತ್ತದೆ, ದಿನಾ ಒಂದೇ ಸಾರಿನ ಹಾಗೆ. ವಾರಕ್ಕೊಮ್ಮೆ ಸರಿ.

ಹೆಜ್ಜೆ 5: ಎ ಕಾರ್ಡ್, ನನ್ನ ಹಟ

4, 3, 2ನೇ ತಂತಿಗಳ 2ನೇ ಫ್ರೆಟ್‌ನಲ್ಲಿ ಮೂರು ಬೆರಳು ಒತ್ತೊತ್ತಾಗಿ ಕೂರಬೇಕು. ಲೆಕ್ಕದ ಪ್ರಕಾರ ತೋರು, ನಡು, ಉಂಗುರ. ನಾನು ಇದನ್ನು ಹೇಳಿಕೊಡುವುದನ್ನೇ ಬಿಟ್ಟಿದ್ದೇನೆ. 4ನೇ ತಂತಿಗೆ ನಡುಬೆರಳು, 3ಕ್ಕೆ ತೋರುಬೆರಳು, 2ಕ್ಕೆ ಉಂಗುರ ಬೆರಳು ಇಡಿ. ಮೊದಲು ವಿಚಿತ್ರ ಅನಿಸುತ್ತದೆ. ಈಗ ಡಿಗೆ ಹೋಗಿ. ತೋರುಬೆರಳು ಅಲ್ಲಾಡುವುದೇ ಇಲ್ಲ. ಉಂಗುರ ಬೆರಳು ಅದೇ ತಂತಿಯಲ್ಲಿ ಒಂದು ಫ್ರೆಟ್ ಮುಂದೆ ಜಾರುತ್ತದೆ. ಹಾರಬೇಕಾದ್ದು ನಡುಬೆರಳು ಮಾತ್ರ. ಎಯಿಂದ ಇಗೆ ಹೋಗುವುದಿದ್ದರೆ ತೋರುಬೆರಳು 3ನೇ ತಂತಿ ಬಿಡದೆ ಒಂದು ಫ್ರೆಟ್ ಹಿಂದಕ್ಕೆ ಜಾರಿದರೆ ಆಯಿತು. ಎ, ಡಿ, ಇ ಮೂರರಲ್ಲೂ ತೋರುಬೆರಳು ಒಂದೇ ತಂತಿಯ ಮೇಲೆ, ಹಳಿ ಮೇಲಿನ ಗಾಡಿಯ ಹಾಗೆ.

ಜಾರಬೇಕಾದರೆ ತಂತಿ ನುಣ್ಣಗಿರಬೇಕು. ನಮ್ಮ ಮಲೆನಾಡಿನ ಮಳೆಯಲ್ಲಿ ಅದೇ ಕಷ್ಟ. ಜೂನ್‌ನಲ್ಲಿ ಗೋಡೆಗೆ ಒರಗಿಸಿಟ್ಟ ಗಿಟಾರ್ ಆಗಸ್ಟ್‌ನಲ್ಲಿ ನೋಡಿದರೆ ಸಣ್ಣ ತಂತಿಗಳು ತುಕ್ಕು ಹಿಡಿದು ಉಪ್ಪುಕಾಗದದ ಹಾಗಿರುತ್ತವೆ. ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ ಚೀಲದೊಳಗೆ ಇಡಿ. ತುಕ್ಕು ಹಿಡಿದಿದ್ದರೆ ಉಜ್ಜುತ್ತಾ ಕೂರಬೇಡಿ, ಹೊಸ ಸೆಟ್ ಹಾಕಿಸಿ. ಬೆರಳ ತುದಿ ನೋಯುತ್ತೆ ಅಂತ ಸಿಲಿಕಾನ್ ಟೋಪಿ ಮಾರುತ್ತಾರೆ, ಅದು ಬೇಡ. ಟೋಪಿ ಹಾಕಿದ ಬೆರಳಿಗೆ ತಂತಿ ಎಲ್ಲಿದೆ ಅಂತಲೇ ತಿಳಿಯುವುದಿಲ್ಲ. ಗುಂಡಿ ಒತ್ತಿದರೆ ತಾನೇ ಕಾರ್ಡ್ ಹಿಡಿಯುವ ಪ್ಲಾಸ್ಟಿಕ್ ಸಾಧನವೂ ಬರುತ್ತದೆ. ಅದರ ಬಗ್ಗೆ ಬರೆದು ಜಾಗ ಹಾಳು ಮಾಡುವುದಿಲ್ಲ.

ಹೆಜ್ಜೆ 6: ಎಫ್ ಅನ್ನುವ ಭೂತ

ಗಿಟಾರ್ ಅಟ್ಟ ಸೇರುವುದು ಸಾಮಾನ್ಯವಾಗಿ ಎಫ್ ಬಂದ ವಾರ. ಮೊದಲು ಚಿಕ್ಕ ಎಫ್ ಹಿಡಿಯಿರಿ: 4ನೇ ತಂತಿಯ 3ನೇ ಫ್ರೆಟ್‌ಗೆ ಉಂಗುರ ಬೆರಳು, 3ನೇ ತಂತಿಯ 2ನೇ ಫ್ರೆಟ್‌ಗೆ ನಡುಬೆರಳು, 2 ಮತ್ತು 1ನೇ ತಂತಿ ಎರಡನ್ನೂ 1ನೇ ಫ್ರೆಟ್‌ನಲ್ಲಿ ತೋರುಬೆರಳು ಮಲಗಿಸಿ ಒತ್ತಿ. ದಪ್ಪ ತಂತಿ ಎರಡನ್ನೂ ಮೀಟಬೇಡಿ. ಸಿಯಿಂದ ಇಲ್ಲಿಗೆ ಬರುವುದು ಎಷ್ಟು ಸಲೀಸು ನೋಡಿ, ಎರಡು ಬೆರಳು ಒಂದೊಂದು ತಂತಿ ಸರಿದವು, ಒಂದು ಮಲಗಿತು.

ದೊಡ್ಡ ಎಫ್‌ನಲ್ಲಿ ತೋರುಬೆರಳು ಆರೂ ತಂತಿಗೆ ಅಡ್ಡ ಮಲಗುತ್ತದೆ. ಇದಕ್ಕೆ ಬ್ಯಾರೆ ಅನ್ನುತ್ತಾರೆ. ಎಲ್ಲರೂ ಆರು ತಂತಿಗಳನ್ನೂ ಸಮನಾಗಿ ಅದುಮಲು ಹೋಗಿ ಮಣಿಕಟ್ಟು ನೋಯಿಸಿಕೊಳ್ಳುತ್ತಾರೆ. ಲೆಕ್ಕ ಹಾಕಿ. 5ನೇ ತಂತಿಯನ್ನು ಉಂಗುರ ಬೆರಳು, 4ನ್ನು ಕಿರುಬೆರಳು, 3ನ್ನು ನಡುಬೆರಳು ಹೇಗೂ ಒತ್ತಿರುತ್ತವೆ. ತೋರುಬೆರಳಿನ ಪಾಲಿಗೆ ಉಳಿಯುವುದು 6, 2, 1 ಮೂರೇ. ಬೆರಳಿನ ನಡುಭಾಗ ಸಡಿಲವಾಗಿದ್ದರೂ ನಡೆಯುತ್ತದೆ. ಬೆರಳನ್ನು ಹೆಬ್ಬೆರಳಿನ ಕಡೆಗೆ ಚೂರು ಹೊರಳಿಸಿ, ಆ ಮಗ್ಗುಲಲ್ಲಿ ಮಾಂಸ ಕಡಿಮೆ, ಮೂಳೆ ಗಟ್ಟಿ. ಗೆಣ್ಣಿನ ಗೆರೆಯೊಳಗೆ ತಂತಿ ಹೂತುಹೋಗಿ ಸದ್ದು ಸತ್ತರೆ ಬೆರಳನ್ನು ಒಂದೆರಡು ಮಿಲಿಮೀಟರ್ ಮೇಲೆ ಅಥವಾ ಕೆಳಗೆ ಸರಿಸಿ.

ಶುರು ಮಾಡುವುದು 1ನೇ ಫ್ರೆಟ್‌ನಲ್ಲಿ ಬೇಡ. ಅಲ್ಲಿ ತಂತಿ ಬಿಗಿ, ಅಂತರವೂ ದೊಡ್ಡದು. ತಂತಿಯ ಉದ್ದ 648 ಮಿಲಿಮೀಟರ್ ಇರುವ ಗಿಟಾರ್‌ನಲ್ಲಿ ಮೊದಲ ಫ್ರೆಟ್ಟಿನ ಅಗಲ ಸುಮಾರು 36 ಮಿಲಿಮೀಟರ್, 5ನೆಯದು 29. ಇದೇ ಹಿಡಿತವನ್ನು 5ನೇ ಫ್ರೆಟ್‌ನಲ್ಲಿ ಹಿಡಿಯಿರಿ, ಅಲ್ಲಿ ಅದು ಎ ಕಾರ್ಡ್. ಸರಿಹೋದ ಮೇಲೆ ದಿನಕ್ಕೊಂದು ಫ್ರೆಟ್ ಹಿಂದೆ ಬನ್ನಿ.

ಆದರೂ ಆಗದಿದ್ದರೆ ನಿಮ್ಮನ್ನು ಬೈದುಕೊಳ್ಳುವ ಮುಂಚೆ ಗಿಟಾರ್ ನೋಡಿ. ನನ್ನ ಮೊದಲ ಗಿಟಾರ್‌ನ 12ನೇ ಫ್ರೆಟ್ ಹತ್ತಿರ ತಂತಿಯ ಕೆಳಗೆ ಪೆನ್ಸಿಲ್ ತೂರುತ್ತಿತ್ತು. "ಹೊಸದರಲ್ಲಿ ಹಾಗೇ, ಆಮೇಲೆ ಇಳಿಯುತ್ತೆ" ಅಂದಿದ್ದರು ಅಂಗಡಿಯವರು. ಆರು ತಿಂಗಳು ನಂಬಿದೆ. ತಂತಿ ಇಳಿಯಲಿಲ್ಲ, ನನ್ನ ಉತ್ಸಾಹ ಇಳಿಯಿತು. ದಪ್ಪ ತಂತಿಯ ಕೆಳಗೆ ಅಲ್ಲಿ ಎರಡೂವರೆ, ಮೂರು ಮಿಲಿಮೀಟರ್ ಇದ್ದರೆ ಸಾಕು. ಜಾಸ್ತಿ ಇದ್ದರೆ ರಿಪೇರಿ ಗೊತ್ತಿರುವವರಿಂದ ಇಳಿಸಿಕೊಳ್ಳಿ.

ಬೆರಳು ಗಿಡ್ಡ, ಬೆರಳು ದಪ್ಪ ಅನ್ನುವವರಿಗೆ ನಾನು ಜಾಂಗೊ ರೈನ್‌ಹಾರ್ಟ್ ಹೆಸರು ಹೇಳುತ್ತೇನೆ. 1928ರಲ್ಲಿ ಬೆಂಕಿ ಅವಘಡದಲ್ಲಿ ಆತನ ಎಡಗೈಯ ಉಂಗುರ ಬೆರಳು, ಕಿರುಬೆರಳು ಸುಟ್ಟು ಸೆಟೆದುಹೋದವು. ತೋರುಬೆರಳು, ನಡುಬೆರಳನ್ನೇ ನೆಚ್ಚಿಕೊಂಡು ಹೊಸದಾಗಿ ಹಿಡಿತಗಳನ್ನು ಕಂಡುಕೊಂಡ, ಜಾಸ್‌ನ ದೊಡ್ಡ ಗಿಟಾರ್ ವಾದಕರಲ್ಲಿ ಒಬ್ಬನಾದ. ಚಿತ್ರದಲ್ಲಿದ್ದ ನಂಬರ್ ನೋಡಿಕೊಂಡು ಕೂತಿದ್ದರೆ ಆಗುತ್ತಿತ್ತಾ?

ಹೆಜ್ಜೆ 7: ಮೊದಲು ಯಾವುದು ಕೂರಬೇಕು

ಸಿ ಹಿಡಿಯುವಾಗ ಹೆಚ್ಚಿನವರು ತೋರುಬೆರಳು ಮೊದಲು ಇಟ್ಟು, ಉಂಗುರ ಬೆರಳು ಕೊನೆಗೆ ಇಡುತ್ತಾರೆ. ಬಲಗೈ ಮೇಲಿನಿಂದ ಕೆಳಕ್ಕೆ ಬೀಸುವಾಗ ಮೊದಲು ಸಿಗುವುದು ದಪ್ಪ ತಂತಿ. ಅಲ್ಲಿಗೆ ಬರಬೇಕಾದ ಬೆರಳೇ ತಡವಾದರೆ ಹೇಗೆ? ಉಂಗುರ ಬೆರಳು ಮೊದಲು ಕೂರಲಿ. ಉಳಿದವು ಕೂದಲೆಳೆಯಷ್ಟು ತಡವಾದರೂ ಕೇಳುವವರಿಗೆ ಗೊತ್ತಾಗುವುದಿಲ್ಲ.

ಅಭ್ಯಾಸಕ್ಕೆ ಇಡೀ ಹಾಡು ಬೇಡ. ಎರಡೇ ಕಾರ್ಡ್ ಹಿಡಿದು, ಒಂದು ನಿಮಿಷದಲ್ಲಿ ಎಷ್ಟು ಸಲ ಸ್ವಚ್ಛವಾಗಿ ಬದಲಾಯಿಸುತ್ತೀರಿ ಎಣಿಸಿ. ಬಲಗೈ ನಿಲ್ಲಿಸಬೇಡಿ.

ಹಾಡಿನ ಸಾಹಿತ್ಯ ಬರೆದುಕೊಂಡ ಹಾಳೆಯಲ್ಲಿ ಕಾರ್ಡ್ ಹೆಸರಿನ ಪಕ್ಕ ನೀವು ಆರಿಸಿದ ಬೆರಳಿನ ನಂಬರನ್ನೂ ಬರೆಯಿರಿ. ಅಲ್ಲಾಡದ ಬೆರಳಿಗೆ ಒಂದು ಗೆರೆ ಎಳೆದು ಮುಂದಿನ ಕಾರ್ಡ್‌ಗೆ ಸೇರಿಸಿ. ಪೆನ್ ಬೇಡ, ಪೆನ್ಸಿಲ್ ಹಿಡಿಯಿರಿ. ವಾರ ಕಳೆಯುವುದರೊಳಗೆ ಎರಡು ಮೂರು ಕಡೆ ಅಳಿಸುತ್ತೀರಿ. ಆ ಹುಡುಗನ ಹಾಳೆಯಲ್ಲಿ ಇ ಮೈನರ್ ಇದ್ದ ಜಾಗ ಅಳಿಸಿ ಅಳಿಸಿ ತೂತೇ ಬಿದ್ದಿದೆ.