ಮಲೆನಾಡಿನ ಮನೆಯಿಂದ ಹಾಡನ್ನು ಹೊರಡಿಸುವ ಬಗೆ: ಸ್ವತಂತ್ರ ಸಂಗೀತಗಾರರಿಗೂ ಎಲೆಕ್ಟ್ರಾನಿಕ್ ಪ್ರೊಡ್ಯೂಸರ್‌ಗಳಿಗೂ

ಪುನರ್ವಸು ಮಳೆ ಹಿಡಿದ ಮೇಲೆ ತೀರ್ಥಹಳ್ಳಿ, ಹೊಸನಗರದ ಕಡೆಯ ಹಂಚಿನ ಮನೆಯಲ್ಲಿ ಕುಳಿತು ಹಾಡನ್ನು ಶುದ್ಧವಾಗಿ ರೆಕಾರ್ಡ್ ಮಾಡುವುದು ಬಹುಮಟ್ಟಿಗೆ ಆಗದ ಕೆಲಸ. ಹಂಚಿನ ಮೇಲೆ ಬೀಳುವ ಮಳೆಯ ಸದ್ದು ಎಲ್ಲ ಆವರ್ತನಗಳಲ್ಲಿಯೂ ಹರಡಿಕೊಂಡಿರುವುದರಿಂದ, ಅದನ್ನು ಆಮೇಲೆ ಸಾಫ್ಟ್‌ವೇರ್‌ನಲ್ಲಿ ತೆಗೆಯಲು ಹೋದರೆ ದನಿಯ ತಿರುಳೂ ಅದರೊಂದಿಗೆ ಹೋಗುತ್ತದೆ. ಆದ್ದರಿಂದ ಇಲ್ಲಿ ಸಂಗೀತ ಮಾಡುವವರು ಮೊದಲು ವರ್ಷದ ಲೆಕ್ಕ ಹಾಕಿಕೊಳ್ಳಬೇಕು. ದನಿ, ಕೊಳಲು, ಚರ್ಮವಾದ್ಯಗಳ ರೆಕಾರ್ಡಿಂಗನ್ನು ದೀಪಾವಳಿಯಿಂದ ಮೇ ತಿಂಗಳೊಳಗೆ ಮುಗಿಸಿ, ಸಿಂತ್ ಎಂಬ ಎಲೆಕ್ಟ್ರಾನಿಕ್ ವಾದ್ಯ, ಬೀಟ್, ಸದ್ದುಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್ ಮತ್ತು ಕಾಗದಪತ್ರದ ಕೆಲಸವನ್ನು ಮಳೆಗಾಲಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಈ ಕ್ರಮಕ್ಕೆ ಬರಲು ನನಗೆ ಮೂರು ಮಳೆಗಾಲ ಹಿಡಿಯಿತು.

ರೆಕಾರ್ಡ್ ಮಾಡಿ ಹಾಡನ್ನು ಜೋಡಿಸುವ ಸಾಫ್ಟ್‌ವೇರ್ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ರೀಪರ್ ಅನ್ನು 60 ದಿನ ಪೂರ್ತಿಯಾಗಿ ಬಳಸಿ ನೋಡಿ ಆಮೇಲೆ ಕೊಳ್ಳಬಹುದು. ಎಫ್‌ಎಲ್ ಸ್ಟುಡಿಯೋವನ್ನು ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳು ಉಚಿತವಾಗಿ ಸಿಗುತ್ತವೆ. ಎಲ್‌ಎಂಎಂಎಸ್ ಪೂರ್ತಿ ಉಚಿತ. ಕಂಪ್ಯೂಟರ್ ಇಲ್ಲದವರು ಮೊಬೈಲ್‌ನಲ್ಲಿ ಬ್ಯಾಂಡ್‌ಲ್ಯಾಬ್‌ನಿಂದ ಶುರುಮಾಡಬಹುದು. ಸಿಂತ್ ಬೇಕಾದವರಿಗೆ ವೈಟಲ್‌ನ ಉಚಿತ ಆವೃತ್ತಿ ಮತ್ತು ಸರ್ಜ್ ಎಕ್ಸ್‌ಟಿ ಇವೆರಡೇ ವರ್ಷಗಟ್ಟಲೆ ಸಾಕಾಗುವಷ್ಟಿವೆ. ಯಾವುದಾದರೂ ಒಂದನ್ನು ಆರಿಸಿಕೊಂಡು ಐದು ಹಾಡು ಮುಗಿಯುವವರೆಗೆ ಅದನ್ನು ಬದಲಿಸಬಾರದು ಎಂಬುದಷ್ಟೇ ನನ್ನ ಒತ್ತಾಯ.

ಹಣವನ್ನು ಖರ್ಚು ಮಾಡಬೇಕಾದದ್ದು ಮೈಕನ್ನು ಕಂಪ್ಯೂಟರಿಗೆ ಜೋಡಿಸುವ, ಮೈಕ್‌ಗೆ ಕರೆಂಟು ಕೊಡುವ 48 ವೋಲ್ಟ್ ಫ್ಯಾಂಟಮ್ ಪವರ್ ಇರುವ ಎರಡು ಇನ್‌ಪುಟ್‌ಗಳ ಆಡಿಯೋ ಇಂಟರ್‌ಫೇಸ್, ಒಂದು ಮೈಕ್ ಮತ್ತು ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್‌ಗೆ. ಸ್ಟುಡಿಯೋ ಸ್ಪೀಕರ್‌ಗಳನ್ನು ಮೊದಲೇ ಕೊಳ್ಳುವುದರಿಂದ ಪ್ರಯೋಜನವಿಲ್ಲ, ಏಕೆಂದರೆ ಬರಿಯ ಗೋಡೆಗಳ ಕೋಣೆಯಲ್ಲಿ ಅವು ಸರಿಯಾಗಿ ಕೇಳಿಸುವುದಿಲ್ಲ. ಹಾಡುವವರ ಹಿಂದೆ ದಪ್ಪ ಕಂಬಳಿ ತೂಗುಹಾಕುವುದು ಅಥವಾ ಅಡಿಕೆ ಮೂಟೆ ಪೇರಿಸಿಟ್ಟ ಕೋಣೆಯಲ್ಲಿ ಹಾಡಿಸುವುದು ಪ್ರತಿಧ್ವನಿಯನ್ನು ಚೆನ್ನಾಗಿ ತಗ್ಗಿಸುತ್ತದೆ. ಸೂಕ್ಷ್ಮ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕ್ ಇಲ್ಲಿನ ಥಂಡಿಗೆ ಬೇಗ ಸೋಲುತ್ತದೆ: ಒಳಗಿನ ತೆಳು ಪೊರೆಗೆ ತೇವ ಹಿಡಿದರೆ ಚಟಪಟ ಸದ್ದು ಬರಲು ಶುರುವಾಗುತ್ತದೆ. ಬಳಸಿದ ಕೂಡಲೇ ಅದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗೆ ಇಡಬೇಕು. ಒಂದೇ ಮೈಕ್ ಕೊಳ್ಳಲು ಸಾಧ್ಯವಿರುವವರಿಗೆ ತೇವವನ್ನು ಹೆಚ್ಚು ತಾಳಿಕೊಳ್ಳುವ ಡೈನಮಿಕ್ ಮೈಕ್ ಒಳ್ಳೆಯ ಆಯ್ಕೆ. ಗುಡುಗು ಕೇಳಿದೊಡನೆ ಪ್ಲಗ್ಗನ್ನೂ ಇಂಟರ್ನೆಟ್ ಕೇಬಲನ್ನೂ ಕಿತ್ತಿಡಬೇಕು. ಸ್ವಿಚ್ ಆರಿಸಿದರೆ ಸಾಲದು. ಕರೆಂಟು ಹೋಗುವುದು ದಿನದ ಮಾತಾದ ಊರುಗಳಲ್ಲಿ, ಯುಎಸ್‌ಬಿಯಿಂದಲೇ ಓಡುವ ಇಂಟರ್‌ಫೇಸ್ ಮತ್ತು ಬ್ಯಾಟರಿ ಗಟ್ಟಿಯಿರುವ ಲ್ಯಾಪ್‌ಟಾಪ್ ಇದ್ದರೆ ಕೆಲಸ ಅರ್ಧಕ್ಕೆ ನಿಲ್ಲುವುದಿಲ್ಲ.

ಇನ್ನು ನಮ್ಮಲ್ಲಿ ಮಾತ್ರ ಸಿಗುವ ಸದ್ದುಗಳ ವಿಷಯ. ಬೆಂಗಳೂರಿನ ಪ್ರೊಡ್ಯೂಸರ್ ಹಣ ಕೊಟ್ಟು ಸಿದ್ಧ ಸದ್ದುಗಳ ಸ್ಯಾಂಪಲ್ ಪ್ಯಾಕ್ ಕೊಳ್ಳುವಾಗ, ನಮ್ಮ ಅಂಗಳದಲ್ಲಿ ಅಡಿಕೆ ಸುಲಿಯುವ ಕತ್ತಿಯ ಚುರುಕಾದ ಸದ್ದು ಡ್ರಮ್‌ನ ಹೈ-ಹ್ಯಾಟ್ ತಾಳದ ಜಾಗದಲ್ಲಿ ಕೂರುವಂತಿರುತ್ತದೆ, ಸಂಜೆಯ ಜೀರುಂಡೆಯನ್ನು ಎಳೆದು ನಿಧಾನಗೊಳಿಸಿದರೆ ಅದೇ ಶ್ರುತಿಯಂತೆ ಎಡೆಬಿಡದೆ ಮೊಳಗುವ ಡ್ರೋನ್ ಆಗುತ್ತದೆ. ಜೋಗಕ್ಕೆ ಹೋಗಿ ಜಲಪಾತವನ್ನೇ ಹಿಡಿದು ತರಬೇಕೆಂದು ಎಲ್ಲರಿಗೂ ಅನಿಸುತ್ತದೆ. ಆದರೆ 253 ಮೀಟರ್ ಎತ್ತರದಿಂದ ಬೀಳುವ ನೀರು ಮೈಕ್‌ನಲ್ಲಿ ಬರೇ ಮೊರೆತವಾಗಿ ಉಳಿಯುತ್ತದೆ. ಮನೆಯ ಹಿಂದಿನ ಹಳ್ಳದಲ್ಲಿ ಕಲ್ಲಿಗೆ ತಾಗಿ ಹರಿಯುವ ನೀರಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಬಗೆಯ ಸದ್ದುಗಳಿವೆ. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ. ಅತಿ ಜೋರಾದ ಕ್ಷಣದಲ್ಲಿಯೂ ಮೀಟರ್ ಮೈನಸ್ 12 ಡೆಸಿಬೆಲ್ ದಾಟದಂತೆ ನೋಡಿಕೊಳ್ಳಿ. ಗಾಳಿಯ ಸದ್ದಿಗೆ ಮೈಕ್‌ಗೆ ತುಪ್ಪಳದ ಹೊದಿಕೆ ಹಾಕಿ, ಆಮೇಲೆ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ. ನಾನು ಮೊದಲ ಬಾರಿ ಡೊಳ್ಳು ಕುಣಿತವನ್ನು ಹತ್ತಿರದಿಂದ ಮೊಬೈಲ್‌ನಲ್ಲಿ ಹಿಡಿದಾಗ ಪ್ರತಿಯೊಂದು ಪೆಟ್ಟೂ ಒಡೆದುಹೋಗಿತ್ತು, ಅದನ್ನು ಸರಿಪಡಿಸುವ ಉಪಾಯ ಯಾವುದೂ ಇರಲಿಲ್ಲ. ಡೊಳ್ಳಿನಿಂದ ನಾಲ್ಕೈದು ಮೀಟರ್ ಹಿಂದೆ ನಿಲ್ಲಬೇಕು. ಶರಾವತಿ ಕಣಿವೆಯಂಥ ಅಭಯಾರಣ್ಯದ ಒಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹೋಗಬೇಡಿ, ಹಕ್ಕಿಯನ್ನು ಕರೆಯಲು ಸ್ಪೀಕರ್‌ನಲ್ಲಿ ಅದರದೇ ಕೂಗನ್ನು ನುಡಿಸಬೇಡಿ.

ಪ್ರತಿಯೊಂದು ಫೈಲಿಗೂ ತಾರೀಖು, ಊರು ಮತ್ತು ಹಾಡಿದವರ, ನುಡಿಸಿದವರ ಹೆಸರನ್ನು ಅದೇ ದಿನ ಬರೆದಿಡಿ. ದೀಪಾವಳಿಯ ರಾತ್ರಿ ದೀಪ ಹಿಡಿದು ಮನೆಮನೆಗೆ ಬರುವ ಅಂಟಿಗೆ-ಪಂಟಿಗೆಯವರ ಹಾಡು ಯಾರ ರಚನೆಯೂ ಅಲ್ಲದಿರಬಹುದು, ಆದರೆ ಅವತ್ತಿನ ಆ ದನಿ ಹಾಡಿದವರದು. ಅದನ್ನು ನಿಮ್ಮ ಬೀಟ್‌ನ ಮೇಲೆ ಕೂರಿಸುವ ಮೊದಲು ಅವರಿಗೆ ಕೇಳಿಸಿ, ಒಪ್ಪಿಗೆ ಪಡೆದು, ಬಂದ ಹಣದಲ್ಲಿ ಎಷ್ಟು ಪಾಲು ಎಂಬುದನ್ನು ಕನ್ನಡದಲ್ಲಿಯೇ ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು.

ಸಾಹಿತ್ಯದ ಹಕ್ಕಿನ ವಿಷಯದಲ್ಲಿಯೂ ಇಷ್ಟೇ ಎಚ್ಚರ ಬೇಕು. ಭಾರತದಲ್ಲಿ ಕವಿ ತೀರಿಕೊಂಡ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಉಳಿಯುತ್ತದೆ. ಕುವೆಂಪು ಅವರು 1994ರಲ್ಲಿ ತೀರಿಕೊಂಡದ್ದರಿಂದ ಅವರ ಪದ್ಯಕ್ಕೆ ರಾಗ ಹಾಕಿ ಬಿಡುಗಡೆ ಮಾಡುವವರು 2054ರ ಕೊನೆಯವರೆಗೆ ಹಕ್ಕುದಾರರ ಅನುಮತಿ ಪಡೆಯಬೇಕು. ಶಿಕಾರಿಪುರದ ಉಡುತಡಿಯ ಅಕ್ಕಮಹಾದೇವಿ, ಬಳ್ಳಿಗಾವಿಯ ಅಲ್ಲಮಪ್ರಭು ಇವರ 12ನೆಯ ಶತಮಾನದ ವಚನಗಳಿಗೆ ಆ ತೊಡಕಿಲ್ಲ. ಆದರೆ ಈಚಿನವರು ಹಾಕಿದ ರಾಗಕ್ಕೂ ಅವರ ಧ್ವನಿಮುದ್ರಣಕ್ಕೂ ಬೇರೆಯೇ ಹಕ್ಕು ಇರುತ್ತದೆ. ಸ್ವಂತ ಸಾಹಿತ್ಯ, ಸ್ವಂತ ಸಂಯೋಜನೆ ಮಾಡುವವರು 1969ರಲ್ಲಿ ಸ್ಥಾಪನೆಯಾದ, ಹಾಡಿನ ರಾಯಧನವನ್ನು ಸಂಗ್ರಹಿಸಿ ಹಂಚುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯರಾಗಿ ಪ್ರತಿಯೊಂದು ಹಾಡನ್ನೂ ಅಲ್ಲಿ ನೋಂದಾಯಿಸಬೇಕು. ಯಾರಾದರೂ ಒಂದಿಷ್ಟು ಹಣ ಕೊಟ್ಟು ಎಲ್ಲ ಹಕ್ಕನ್ನೂ ಬರೆಸಿಕೊಳ್ಳಲು ಬಂದರೆ, ಸಾಹಿತಿ ಮತ್ತು ಸಂಯೋಜಕರು ತಮ್ಮ ರಾಯಧನವನ್ನು ಹಾಗೆ ಬಿಟ್ಟುಕೊಡದಂತೆ 2012ರ ಕಾಪಿರೈಟ್ ತಿದ್ದುಪಡಿ ರಕ್ಷಣೆ ನೀಡಿದೆ ಎಂಬುದು ನೆನಪಿರಲಿ.

ಸ್ಟ್ರೀಮಿಂಗ್‌ಗಾಗಿ ಮಾಸ್ಟರ್ ಮಾಡುವಾಗ, ಅಂದರೆ ಹಾಡಿಗೆ ಕೊನೆಯ ಹದ ಕೊಡುವಾಗ, ಸದ್ದನ್ನು ಹಿಂಡಿ ಜೋರು ಮಾಡುವ ಅಗತ್ಯವಿಲ್ಲ. ಸ್ಪಾಟಿಫೈ ಎಲ್ಲವನ್ನೂ ಸದ್ದಿನ ಜೋರನ್ನು ಅಳೆಯುವ ಎಲ್‌ಯುಎಫ್‌ಎಸ್ ಲೆಕ್ಕದಲ್ಲಿ ಸುಮಾರು ಮೈನಸ್ 14ರ ಮಟ್ಟಕ್ಕೆ ತಂದು ನುಡಿಸುತ್ತದೆ. ಹಾಡನ್ನು ಅಲ್ಲಿಗೂ ಜಿಯೋಸಾವನ್‌ನಂಥ ಕಡೆಗೂ ತಲುಪಿಸಲು ವಿತರಕರು ಬೇಕು: ಡಿಸ್ಟ್ರೋಕಿಡ್‌ಗೆ ವರ್ಷವರ್ಷವೂ ಶುಲ್ಕ ಕಟ್ಟಬೇಕು, ಸಿಡಿ ಬೇಬಿ ಬಿಡುಗಡೆಗೊಮ್ಮೆ ಶುಲ್ಕವನ್ನೂ ಗಳಿಕೆಯಲ್ಲಿ ಒಂದು ಪಾಲನ್ನೂ ತೆಗೆದುಕೊಳ್ಳುತ್ತದೆ, ರೂಟ್‌ನೋಟ್‌ನ ಉಚಿತ ಯೋಜನೆಯಲ್ಲಿ ಗಳಿಕೆಯ 15 ಶೇಕಡ ಅವರಿಗೆ ಹೋಗುತ್ತದೆ. ವರ್ಷಕ್ಕೆ ಒಂದೋ ಎರಡೋ ಹಾಡು ಮಾಡುವವರಿಗೆ ವಾರ್ಷಿಕ ಶುಲ್ಕ ಹೊರೆಯೆಂದೇ ನನ್ನ ಅಭಿಪ್ರಾಯ. ಅರ್ಜಿ ತುಂಬುವಾಗ ಭಾಷೆಯ ಜಾಗದಲ್ಲಿ ಕನ್ನಡವನ್ನೇ ಆರಿಸಿ, ಸಾಹಿತಿ ಮತ್ತು ಸಂಯೋಜಕರ ಪೂರ್ಣ ಹೆಸರು ಕೊಟ್ಟು, ನಿಮ್ಮ ಹೆಸರಿನ ಇಂಗ್ಲಿಷ್ ಕಾಗುಣಿತವನ್ನು ಎಲ್ಲ ಬಿಡುಗಡೆಗಳಲ್ಲಿಯೂ ಒಂದೇ ರೀತಿ ಇಡಿ. ಒಂದಕ್ಷರ ತಪ್ಪಿದರೆ ಹಾಡು ಬೇರೊಬ್ಬರ ಪುಟಕ್ಕೆ ಹೋಗಿ ಕೂರುತ್ತದೆ. ಎಲ್ಲರಿಗೂ ಸಿಗುವ ಸಿದ್ಧ ಸದ್ದಿನ ತುಣುಕಾದ ಲೂಪ್ ಬಳಸಿದ ಹಾಡನ್ನು, ಹಾಡಿನ ಮರುಬಳಕೆಯನ್ನು ತಾನೇ ಪತ್ತೆಹಚ್ಚುವ ಯೂಟ್ಯೂಬ್‌ನ ಕಂಟೆಂಟ್ ಐಡಿಗೆ ಸೇರಿಸಬೇಡಿ, ಅದೇ ಲೂಪ್ ಬಳಸಿದ ಇತರರಿಗೆ ಅದರಿಂದ ತೊಂದರೆಯಾಗುತ್ತದೆ.

ಪ್ಲೇಲಿಸ್ಟ್‌ಗೆ ಪರಿಗಣಿಸುವಂತೆ ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್ ಮೂಲಕ ಬಿಡುಗಡೆಗೆ ಕನಿಷ್ಠ 7 ದಿನ ಮೊದಲೇ ಕೋರಬೇಕಾದ್ದರಿಂದ, ಹಾಡನ್ನು ವಿತರಕರಿಗೆ ನಾಲ್ಕು ವಾರ ಮುಂಚೆ ಒಪ್ಪಿಸುವುದು ಕ್ಷೇಮ. ಅಲ್ಲಿ ಬರೆಯುವ ಕೆಲವೇ ಸಾಲುಗಳಲ್ಲಿ ಹಾಡಿನಲ್ಲಿರುವ ಸದ್ದು ಯಾವ ಊರಿನದು, ಯಾರು ನುಡಿಸಿದರು ಎಂಬುದನ್ನೇ ಹೇಳಿ. ಹಣದ ನಿರೀಕ್ಷೆಯನ್ನು ಮಾತ್ರ ಮಿತಿಯಲ್ಲಿಡಬೇಕು: 2024ರಿಂದ ಸ್ಪಾಟಿಫೈನಲ್ಲಿ 12 ತಿಂಗಳಲ್ಲಿ 1000 ಸಲ ಕೇಳದ ಹಾಡಿಗೆ ರಾಯಧನ ಬರುವುದಿಲ್ಲ. ನೇರವಾಗಿ ಕೊಳ್ಳುವ ಹತ್ತು ಜನ ಸಿಕ್ಕರೂ ಬ್ಯಾಂಡ್‌ಕ್ಯಾಂಪ್ ಎಂಬ ಮಾರಾಟ ತಾಣ ಹೆಚ್ಚು ಲಾಭದಾಯಕ, ಏಕೆಂದರೆ ಡಿಜಿಟಲ್ ಮಾರಾಟದಲ್ಲಿ ಅದು ಇಟ್ಟುಕೊಳ್ಳುವುದು 15 ಶೇಕಡ ಮತ್ತು ಪಾವತಿಯ ವೆಚ್ಚವನ್ನು ಮಾತ್ರ.

ಕೇಳುಗರನ್ನು ಊರಲ್ಲಿಯೂ ಹುಡುಕಬೇಕು. ಹೆಗ್ಗೋಡಿನ ನೀನಾಸಮ್ ರಂಗಸಂಸ್ಥೆಯಿಂದಾಗಿ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ನಾಟಕವನ್ನು ಗಂಭೀರವಾಗಿ ಮಾಡುವ ತಂಡಗಳೂ ನೋಡುವ ಜನರೂ ಇದ್ದಾರೆ, ನಾಟಕಕ್ಕೆ ಸಂಗೀತ ಬೇಕೇ ಬೇಕು; ಒಂದು ನಾಟಕಕ್ಕೆ ಧ್ವನಿವಿನ್ಯಾಸ ಮಾಡಿದವರ ಕೆಲಸವನ್ನು ಪ್ರತಿ ಪ್ರದರ್ಶನದಲ್ಲಿಯೂ ಮೌನವಾಗಿ ಕುಳಿತ ಸಭೆ ಪೂರ್ತಿ ಕೇಳುತ್ತದೆ, ಇಂಥ ಕೇಳುವಿಕೆ ಮೊಬೈಲ್‌ನಲ್ಲಿ ಸಿಗುವುದಿಲ್ಲ. ಹಾಡುಗಾರರಾದರೆ ಆಕಾಶವಾಣಿ ಭದ್ರಾವತಿಯ ಆಡಿಷನ್‌ಗೆ ಅರ್ಜಿ ಹಾಕಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಶಿವಮೊಗ್ಗದ ಕಾಲೇಜುಗಳು, ಕಿರುಚಿತ್ರ ಮಾಡುವ ಗೆಳೆಯರು ಇವರೆಲ್ಲರ ಬಳಿಗೂ ಹಾಡುಗಳ ಒಂದೇ ಲಿಂಕನ್ನೂ ನಾಲ್ಕು ಸಾಲಿನ ಪರಿಚಯವನ್ನೂ ಹಿಡಿದು ಖುದ್ದಾಗಿ ಹೋಗಬೇಕು. ಬಯಲಿನಲ್ಲಿ ಸ್ಪೀಕರ್ ಇಟ್ಟು ನುಡಿಸುವುದಾದರೆ ಪೊಲೀಸರ ಅನುಮತಿ ಪತ್ರ ಕೈಯಲ್ಲಿರಲಿ, ರಾತ್ರಿ 10 ಗಂಟೆಯಿಂದ ಬೆಳಗಿನ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧವಿರುವುದರಿಂದ ಮುಖ್ಯವಾದ ಹಾಡುಗಳನ್ನು ಒಂಬತ್ತೂವರೆಯೊಳಗೆ ಮುಗಿಸಿಕೊಳ್ಳಿ.

ಆರಿದ್ರಾ ಮಳೆಗೆ ಮುಂಚೆ ಆ ವರ್ಷದ ರೆಕಾರ್ಡಿಂಗ್‌ಗಳನ್ನೆಲ್ಲ ಎರಡು ಹಾರ್ಡ್ ಡಿಸ್ಕ್‌ಗಳಿಗೆ ನಕಲು ಮಾಡಿ, ಒಂದನ್ನು ಬೇರೆ ಊರಿನ ನೆಂಟರ ಮನೆಯಲ್ಲಿ ಇರಿಸಿ. ಹಾಡಿದವರಿಗೆ, ಡೊಳ್ಳು ಬಾರಿಸಿದವರಿಗೆ ಅವರವರ ಹಾಡಿನ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ ಅದೇ ವಾರ ಮನೆಗೆ ಹೋಗಿ ಕೊಟ್ಟು ಬನ್ನಿ.